ಗೋಡೆಗೆ ಮುಖ ಮಾಡಿ ಕಲಿತ ಪಾಠ

ಮಾಸ್ತರರ ಎಡದವಡೆ ಯಾವಾಗಲೂ ಕಡಲೆಕಾಳಿನಷ್ಟು ಉಬ್ಬಿರುತ್ತಿತ್ತು. ನೋಡಿದವರು ತಂಬಾಕು ಅಂದುಕೊಳ್ಳುತ್ತಿದ್ದರು. ಅದು ಲವಂಗ. ಬೆಳಿಗ್ಗೆ ಒಂದು ಲವಂಗ ಬಾಯಿಗೆ ಹಾಕಿಕೊಂಡರೆ ಅದರ ಖಾರವೆಲ್ಲ ಹೋಗಿ ಬರೀ ಕಡ್ಡಿಯಾಗುವ ತನಕ ಬಿಡುತ್ತಿರಲಿಲ್ಲ. ಪಾಠ ಹೇಳುವಾಗ ಅದು ಎಡದಲ್ಲೇ ಕೂತಿರುತ್ತಿತ್ತು. ಪ್ರಶ್ನೆ ಕೇಳಬೇಕು ಅನ್ನಿಸಿದಾಗ ಮಾತ್ರ ನಾಲಿಗೆಯಿಂದ ಬಲದವಡೆಗೆ ತಳ್ಳುತ್ತಿದ್ದರು. ಉಬ್ಬು ಎಡದಿಂದ ಬಲಕ್ಕೆ ಹೊರಳಿತೆಂದರೆ ಹಿಂದಿನ ಬೆಂಚಿನಲ್ಲಿದ್ದ ನಾವೆಲ್ಲ ತಲೆ ಬಗ್ಗಿಸಿ ಸೆರಗು ಎಳೆದುಕೊಳ್ಳುತ್ತಿದ್ದೆವು. ಮುಂದೆ ಫೋನಿನಲ್ಲಿ ಪಾಠ ಶುರುವಾದಾಗ ಮುಖ ಕಾಣುತ್ತಿರಲಿಲ್ಲ. ಆದರೆ ಲವಂಗ ಹಲ್ಲಿಗೆ ತಾಗಿದ ಸಣ್ಣ ಸದ್ದು ಕೇಳುತ್ತಿತ್ತು. ನಾವು ಆಗಲೂ ಹಾಗೆಯೇ ತಲೆ ಬಗ್ಗಿಸುತ್ತಿದ್ದೆವು.

ಮೊಮ್ಮಕ್ಕಳೇ, ನೀವಿಬ್ಬರೂ ದೊಡ್ಡವರಾದ ಮೇಲೆ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನಿಮಗೆ ಕಥೆ ಹೇಳುತ್ತಿರುವಾಗ ನಿಮ್ಮಪ್ಪ ಒಳಗೆ ಬಂದರೂ ನನ್ನ ಮಾತು ನಿಂತುಹೋಗುತ್ತದೆ. ಮಾಸ್ತರರ ಬಗ್ಗೆ ನಿಮಗೆ ಹೇಳಬೇಕಾದದ್ದು ಬಹಳ ಇದೆ. ಬಾಯಿಂದ ಹೇಳಲಾರೆ, ಅದಕ್ಕೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಮಾದನಹಿಪ್ಪರಗಾದಲ್ಲಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯ ತನಕ ಓದಿದೆ. ಆಮೇಲೆ ಮನೆಗೆಲಸ, ಆಮೇಲೆ ಮದುವೆ, ಕರಜಗಿಗೆ ಬಂದೆ. ನಿಮ್ಮಜ್ಜ ತೀರಿಕೊಂಡ ಮರುವರ್ಷ ನಿಮ್ಮವ್ವ ಸೊಸೆಯಾಗಿ ಈ ಮನೆಗೆ ಬಂದಳು. ಅವಳದ್ದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಒಂಬತ್ತು ಓದಿ ಬಿಟ್ಟಿದ್ದಳು, ಆದರೆ ಬಿಟ್ಟದ್ದು ಅವಳಿಗೆ ಒಳಗೊಳಗೇ ಸುಡುತ್ತಿತ್ತು. ಹತ್ತು ಮುಗಿಸಬೇಕು, ಪಿಯುಸಿ ಮುಗಿಸಬೇಕು, ಅಂಗನವಾಡಿ ಟೀಚರ್ ಆಗಬೇಕು ಎಂದು ರೊಟ್ಟಿ ಬಡಿಯುತ್ತಾ ನನ್ನೊಬ್ಬಳ ಮುಂದೆ ಹೇಳುತ್ತಿದ್ದಳು. ಮನೆಯಲ್ಲಿದ್ದುಕೊಂಡೇ ಓದಿ ಹತ್ತನೆಯ ಪರೀಕ್ಷೆಗೆ ಕೂಡುವ ದೂರಶಿಕ್ಷಣದ ಕೇಂದ್ರ ಅಫಜಲಪುರದಲ್ಲಿ ಇದೆ, ಪ್ರತಿ ಭಾನುವಾರ ಪಾಠ ಇರುತ್ತದೆ ಎಂದು ಅವಳೇ ಪತ್ತೆ ಮಾಡಿದ್ದಳು.

ನಿಮ್ಮಪ್ಪ ಹವಳಗಾದ ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿ ಇರುತ್ತಿದ್ದ. ಹೊಸ ಸೊಸೆಯನ್ನು ಒಬ್ಬಳೇ ಬಸ್ಸಿಗೆ ಹತ್ತಿಸುವುದು ಆಗ ನಮ್ಮಲ್ಲಿ ಇರಲಿಲ್ಲ. ಹೀಗಾಗಿ ನಾನು ಜೊತೆಗೆ ಹೋದೆ. ಬಾಜೂ ಮನೆಯ ಕಾಕಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಅತ್ತಿ ಸೊಸಿ ಜೋಡಿಲೆ ಸಾಲಿಗೆ ಹೊಂಟೀರೇನವಾ? ಇಬ್ಬರಿಗೂ ಕೂಡಿ ಒಂದ ಪಾಟಿ ತರ್ಸ್ಲೇನು?"

ನಾನು ಒಳಗೆ ಹೋಗದೆ ಕೇಂದ್ರದ ವರಾಂಡದಲ್ಲಿ ಕೂತಿರುತ್ತಿದ್ದೆ. ಮಾಸ್ತರರು ಆಳಂದದವರು. ಅಲ್ಲಿನ ಪ್ರೌಢಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ ಈ ಕೆಲಸ ಹಿಡಿದಿದ್ದರು. ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ಎರಡನೆಯ ವಾರವೋ ಮೂರನೆಯ ವಾರವೋ ಕಿಟಕಿಯಿಂದ ನನ್ನನ್ನು ನೋಡಿದರು. ಅವರು ಒಳಗೆ ಪದ್ಯ ಓದಿಸುತ್ತಿದ್ದರು, ಹೊರಗೆ ನನ್ನ ತುಟಿ ಅಲ್ಲಾಡುತ್ತಿತ್ತಂತೆ.

"ತಂಗೀ, ಹೊರಗ ಬಿಸಲ ಅದ. ಒಳಗ ಬಂದು ಕೂಡು" ಅಂದರು.

ಕೂತೆ. ಮರುವಾರ, "ಸುಮ್ಮ ಕೂಡೋದು ಯಾಕ, ಪುಸ್ತಕರ ಹಿಡಿ" ಅಂದರು. ಹಿಡಿದೆ. ಅದರ ಮುಂದಿನ ವಾರ, "ಪುಸ್ತಕ ಹಿಡಿದಾಕಿ ಹೆಸರು ಹಚ್ಚಬಾರ್ದಂತ ಎಲ್ಯರ ಬರದಾರೇನು?" ಅಂದರು. ನಿಮ್ಮವ್ವ ಸೆರಗಿನೊಳಗೆ ನಕ್ಕಳು. ಹಾಗೆ ನನ್ನ ಹೆಸರೂ ಪಟ್ಟಿಗೆ ಹತ್ತಿತು.

ಮೊದಲ ಸಲ ಪ್ರಶ್ನೆ ಕೇಳಿದಾಗ ನಾನು ಎದ್ದು ನಿಂತು ಗೋಡೆಯ ಕಡೆ ತಿರುಗಿದೆ. ನಮ್ಮಲ್ಲಿ ಹಿರಿಯ ಗಂಡಸರ ಮುಂದೆ ಹಾಗೆಯೇ ನಿಲ್ಲುತ್ತಿದ್ದದ್ದು. ಗೋಡೆಗೆ ಮುಖ ಮಾಡಿ, ಸೆರಗು ಹಣೆಯ ತನಕ ಎಳೆದು, ಕೇಳಿದ್ದಕ್ಕೆ ಉತ್ತರ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯರು ಕಿಸಕ್ಕೆಂದರು.

"ಹಿಂಗ ಹೇಳಿದ್ರ ಗ್ವಾಡಿ ಪಾಸ್ ಆಗ್ತದ ತಂಗಿ, ನೀ ಉಳೀತಿ" ಅಂದರು ಮಾಸ್ತರರು.

ಎಲ್ಲರೂ ನಕ್ಕರು. ನನಗೆ ಇನ್ನು ಈ ಕಡೆ ಬರಲೇಬಾರದು ಅನ್ನಿಸಿತು. ಅವರಿಗೆ ಅದು ತಿಳಿಯಿತೋ ಏನೋ. ಮರುವಾರ ನನ್ನ ಸರದಿ ಬಂದಾಗ ಏನೂ ಅನ್ನದೆ ತಾವೇ ನನ್ನ ಕಡೆ ಬೆನ್ನು ಮಾಡಿ ಕಪ್ಪುಹಲಗೆಯ ಕಡೆ ತಿರುಗಿ ನಿಂತರು. "ಹೂಂ, ಈಗ ಹೇಳು" ಅಂದರು. ನಾನು ಗೋಡೆಗೆ ಹೇಳಿದೆ, ಅವರು ಹಲಗೆಯನ್ನು ನೋಡುತ್ತಾ ಕೇಳಿಸಿಕೊಂಡರು. ತಪ್ಪಿದ್ದಲ್ಲಿ ಬೆನ್ನು ತಿರುಗಿಸಿಕೊಂಡೇ ತಿದ್ದಿದರು. ಅವತ್ತಿನಿಂದ ನನ್ನ ಸರದಿ ಬಂದಾಗಲೆಲ್ಲ ಅದೇ ರೂಢಿಯಾಯಿತು. ಹುಡುಗಿಯರು ನಗುವುದನ್ನು ಬಿಟ್ಟರು.

ಆಮೇಲೆ ಕೊರೊನಾ ಬಂತು. ಬಸ್ಸುಗಳು ನಿಂತವು, ಭಾನುವಾರದ ಕೋಣೆಗೆ ಬೀಗ ಬಿತ್ತು. ದೂರಶಿಕ್ಷಣದ ಕಚೇರಿಯವರು ಒಂದು ನಂಬರು ಕೊಟ್ಟರು. ಇಳಿಹೊತ್ತು ಆ ನಂಬರಿಗೆ ಫೋನ್ ಮಾಡಿದರೆ ಮಾಸ್ತರರ ಪಾಠ ಕೇಳುತ್ತಿತ್ತು, ನಾವೂ ಮಾತನಾಡಬಹುದಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹೆಣ್ಣುಮಕ್ಕಳು ಅದರಲ್ಲೇ ಕೂಡುತ್ತಿದ್ದರು. ಬಸ್ಸು ಮತ್ತೆ ಶುರುವಾದ ಮೇಲೂ ವಾರದ ನಡುವೆ ಆ ಪಾಠ ಮುಂದುವರಿಯಿತು.

ಊರಿನಲ್ಲಿ ಹೆಸರು ಹಚ್ಚಿದ ನಾಲ್ಕಾರು ಹೆಂಗಸರಿದ್ದರು. ಅವರವರ ಮನೆಯ ಫೋನು ಗಂಡಂದಿರ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತಿತ್ತು. ನಮ್ಮ ಮನೆಯಲ್ಲಿ ನಿಮ್ಮಪ್ಪನ ಹಳೆಯ ಫೋನು ಇತ್ತು, ಹಾಗಾಗಿ ಎಲ್ಲರೂ ನಮ್ಮ ಪಡಸಾಲೆಗೆ ಬಂದರು. ಬರುವಾಗ ಮರದ ತುಂಬ (ಮೊರಕ್ಕೆ ನಾವು ಮರ ಅನ್ನುತ್ತೇವೆ) ತೊಗರಿ ಹಿಡಿದು ಬರುತ್ತಿದ್ದರು. ಕಿವಿ ಪಾಠಕ್ಕೆ, ಕೈ ಕೇರುವುದಕ್ಕೆ. ಫೋನಿನ ದನಿ ಸಣ್ಣದು, ಎಲ್ಲರಿಗೂ ಕೇಳುತ್ತಿರಲಿಲ್ಲ. ನಿಮ್ಮವ್ವ ಅದನ್ನು ಖಾಲಿ ತಾಮ್ರದ ಕೊಡದೊಳಗೆ ಇಳಿಸಿದಳು. ಮಾಸ್ತರರ ದನಿ ದುಂಡಗಾಗಿ ಪಡಸಾಲೆ ತುಂಬಿತು. ಉತ್ತರ ಹೇಳುವವರು ಕೊಡದ ಬಾಯಿಗೆ ಬಗ್ಗಿ ಹೇಳಬೇಕು. ನನಗೆ ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿ ಸಿಗಬೇಕು? ಯಾರ ಮುಖವೂ ನೋಡಬೇಕಾಗಿಲ್ಲ. ನಾನು ಎಲ್ಲರಿಗಿಂತ ಮೊದಲು ಬಗ್ಗತೊಡಗಿದೆ.

"ಯಾರವಾ ಮರ ಕೇರಾಕತ್ತೀರಿ? ಒಂದ್ ಗಳಿಗಿ ನಿಂದರ್ಸ್ರಿ. ಇದು ಪರೀಕ್ಷಾದಾಗ ಬರ್ತದ" ಎಂದು ಕೊಡದೊಳಗಿಂದ ಮಾಸ್ತರರು ಅನ್ನುವರು. ಮರಗಳೆಲ್ಲ ನಿಲ್ಲುತ್ತಿದ್ದವು.

ಕಾಕಿ ಹೆಸರು ಹಚ್ಚಿರಲಿಲ್ಲ. ತೊಗರಿ ಹಸನು ಮಾಡಲು ಜೊತೆ ಬೇಕೆಂದು ಬಂದು ಕೂಡುವಳು. ಆದರೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಅವಳದೇ. ಒಂದು ದಿನ ಇತಿಹಾಸದ ಪಾಠದಲ್ಲಿ ಒಬ್ಬ ರಾಜ ಯುದ್ಧದಲ್ಲಿ ಸತ್ತ.

"ಮಾಸ್ತರ್ರ, ಅಂವ ಸತ್ತ ಮ್ಯಾಲ ಅವನ ಹೇಣ್ತಿ ಏನ್ ಮಾಡಿದ್ಳು?"

"ಪುಸ್ತಕದಾಗ ಬರದಿಲ್ಲ ಕಾಕಿ."

"ಬರದಿಲ್ಲ ಅಂದ್ರ ಅಕಿ ಇದ್ದಿಲ್ಲ ಅಂತೇನ್ರಿ?"

"ಇದ್ಳು. ಇರ್ಲೇಬೇಕು" ಅಂದರು ಮಾಸ್ತರರು. ಆ ದಿನ ಅವರು ಆ ಪಾಠವನ್ನು ಬೇಗನೇ ಮುಗಿಸಿದರು.

ನಿಮ್ಮವ್ವ ಎರಡನೆಯ ಹೆರಿಗೆಗೆ ತವರಿಗೆ ಹೋದಳು. ದೊಡ್ಡವಳೇ, ಕೊರೊನಾ ಕಾಲದಲ್ಲಿ ಹುಟ್ಟಿದ ನೀನು ನನ್ನ ಹತ್ತಿರ ಉಳಿದಿದ್ದೆ. ಹುಟ್ಟಿದವನು ನಿನ್ನ ತಮ್ಮ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ಹತ್ತಿ ತುರುಕಿ, ಮೇಲೆ ಬಟ್ಟೆ ಬಿಗಿದು ಕಟ್ಟುವುದು ನಮ್ಮ ಕಡೆಯ ಪದ್ಧತಿ. ನಿಮ್ಮವ್ವನ ಅವ್ವ, ನನ್ನ ಬೀಗತಿ, ಇದರಲ್ಲಿ ಬಹಳ ಬಿಗಿ. ಮಗಳ ಕಿವಿಗೆ ಫೋನು ಹಿಡಿಯಲು ಬಿಡಲಿಲ್ಲ. ನಿಮ್ಮವ್ವ ಅತ್ತಳಂತೆ. ಪರೀಕ್ಷೆಗೆ ಕೆಲವೇ ತಿಂಗಳಿದ್ದವು. ಸುದ್ದಿ ಮಾಸ್ತರರಿಗೆ ಮುಟ್ಟಿತು. ಪಾಠದ ಹೊತ್ತಿಗೆ ಬೀಗತಿಯನ್ನೇ ಫೋನಿಗೆ ಕರೆಸಿದರು. ನಾವೆಲ್ಲ ಕೊಡದ ಸುತ್ತ ಕೂತು ಕೇಳುತ್ತಿದ್ದೆವು.

"ಯಕ್ಕಾ, ಹತ್ತಿ ತೆಗಿಬ್ಯಾಡ್ರಿ. ನೀವ್ ಮಾಡೋದು ಬರೋಬ್ಬರಿ ಅದ" ಅಂದರು.

"ಮತ್ತ ಕೇಳೋದು ಹ್ಯಾಂಗ್ರಿ?"

"ಫೋನ್ ದಿಂಬಿನ ಬುಡಕ ಇಡ್ರಿ. ಮಾತು ದಿಂಬಿನಾಗಿಂದ ಹೋಗ್ತದ. ಗಾಳಿ ಹೋಗಂಗಿಲ್ಲ."

"ಕೂಸು ಎದ್ರ?"

"ಕೂಸು ಅತ್ರ ನಾ ಸುಮ್ಮಾಗ್ತೇನಿ. ಅದು ಸುಮ್ಮಾದ ಮ್ಯಾಲ ಚಾಲೂ ಮಾಡ್ತೇನಿ. ಆತಿಲ್ರಿ?"

ಬೀಗತಿ ಒಪ್ಪಿದಳು. ಮಾಸ್ತರರು ಮಾತಿನಂತೆ ನಡೆದರು. ಪಾಠದ ನಡುವೆ ಕೂಸಿನ ಅಳು ಕರಜಗಿಯ ನಮ್ಮ ಕೊಡದೊಳಗೂ ಕೇಳುತ್ತಿತ್ತು. ಮಾಸ್ತರರು ನಿಲ್ಲಿಸಿಬಿಡುವರು. ಮೂರು ತಾಲ್ಲೂಕಿನ ಹೆಂಗಸರೂ ಆ ಕೂಸು ಸಮಾಧಾನವಾಗಲಿ ಎಂದು ಸುಮ್ಮನೆ ಕಾಯುತ್ತಿದ್ದರು. ಕೆಲವರು ಅವರವರ ಮನೆಯಿಂದಲೇ "ಜೋ ಜೋ" ಅನ್ನುತ್ತಿದ್ದರು. ಚಿಕ್ಕವನೇ, ಹತ್ತನೆಯ ತರಗತಿಯ ವಿಜ್ಞಾನವನ್ನು ನೀನು ದಿಂಬಿನ ಮೇಲೆ ಮಲಗಿಕೊಂಡೇ ಪೂರಾ ಕೇಳಿದ್ದೀಯ.

ಅದೇ ದಿನಗಳಲ್ಲಿ ಕಚೇರಿಯವರು ಪಾಠ ಕೇಳುವವರು ನಿಜವಾಗಿ ಇದ್ದಾರೋ ಇಲ್ಲವೋ ಎಂದು ಮನೆಮನೆಗೆ ಫೋನ್ ಮಾಡಿ ವಿಚಾರಿಸಿದರು. ಯಾರಿಗೂ ಮೊದಲು ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತು, ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ನಮ್ಮ ಮನೆಯ ಫೋನು ಕಾಕಿ ಎತ್ತಿದಳು. ಗುರುತಿಲ್ಲದ ಗಂಡಸಿನ ದನಿ.

"ಮನ್ಯಾಗ ಯಾರೂ ಇಲ್ರಿ" ಎಂದವಳೇ ಇಟ್ಟುಬಿಟ್ಟಳು.

ಆಗ ಪಡಸಾಲೆಯಲ್ಲಿ ಕಾಕಿಯಲ್ಲದೆ ಇನ್ನೂ ಇಬ್ಬರು ಕೂತಿದ್ದರು. ನಾನು ಒಲೆಯ ಮುಂದಿದ್ದೆ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಗಂಡಸರು ಮನೆಯಲ್ಲಿ ಇಲ್ಲದಾಗ ಹೊರಗಿನವರು ಬಂದು ಕರೆದರೆ ಒಳಗಿನಿಂದ ಹಾಗೆಯೇ ಹೇಳುವುದು. ನಮ್ಮವ್ವನೂ ಹಾಗೇ ಹೇಳುತ್ತಿದ್ದಳು, ಅವಳ ಅತ್ತೆಯೂ ಹಾಗೇ ಹೇಳುತ್ತಿದ್ದಳು. ಬೀಗತಿಯೂ ಆ ದಿನ ಅದನ್ನೇ ಹೇಳಿದಳಂತೆ. ಆಳಂದ, ಅಫಜಲಪುರ, ಜೇವರ್ಗಿಯ ಎಷ್ಟೋ ಮನೆಗಳಿಂದ ಕಚೇರಿಗೆ ಹೋದದ್ದು ಅದೊಂದೇ ಉತ್ತರ.

ತಿಂಗಳೊಳಗೆ ಸುದ್ದಿ ಬಂತು. ಈ ಮೂರು ತಾಲ್ಲೂಕಿನಲ್ಲಿ ಪಾಠ ಕೇಳುವವರು ಯಾರೂ ಇಲ್ಲ, ಆದ್ದರಿಂದ ಕೇಂದ್ರಗಳನ್ನು ಮುಚ್ಚಿ ಕಲಬುರಗಿಗೆ ಸೇರಿಸುತ್ತಾರೆ, ಇನ್ನು ಭಾನುವಾರದ ಪಾಠವೂ ಪರೀಕ್ಷೆಯೂ ಅಲ್ಲೇ ಎಂದು. ನಿಮ್ಮಪ್ಪ ಕೆಟ್ಟವನಲ್ಲ, ನಿಮಗೆ ಗೊತ್ತು. ಆದರೂ ಅವನು ಖಂಡತುಂಡವಾಗಿ ಹೇಳಿದ.

"ಅಫಜಲಪುರ ತನಕ ಆತು ಯವ್ವಾ. ಎಳೀ ಕೂಸು ಕಟ್ಕೊಂಡು ಕಲಬುರ್ಗಿಗಿ ಹೋಗಿ ವಾರಗಟ್ಲೆ ಪರೀಕ್ಷಾ ಬರಿಯೋದು ಆಗಂಗಿಲ್ಲ. ಅಲ್ಲಿ ಇರೋದೆಲ್ಲಿ? ಬಿಡಂತ ಹೇಳು ಅಕಿಗಿ."

ಊರಿನ ಉಳಿದ ಮನೆಗಳಲ್ಲಿಯೂ ಇದೇ ಮಾತು. ನಿಮ್ಮವ್ವನ ಪರೀಕ್ಷೆ ಅಲ್ಲಿಗೆ ಮುಗಿದ ಹಾಗೆಯೇ ಇತ್ತು.

ಆಗಲೇ ಸರ್ಕಾರ ಶಿಕ್ಷಣವನ್ನೂ ದೂರಶಿಕ್ಷಣವನ್ನೂ ಸುಧಾರಿಸುವುದಕ್ಕೆ ಒಂದು ಆಯೋಗ ಮಾಡಿತ್ತು. ಆ ಆಯೋಗದವರು ಊರೂರು ತಿರುಗಿ ಜನರ ಮಾತು ಕೇಳುತ್ತಿದ್ದರು. ನಮ್ಮ ಮೂರು ತಾಲ್ಲೂಕಿಗೂ ಸೇರಿಸಿ ಅಫಜಲಪುರದಲ್ಲಿ ಒಂದು ದಿನ ಸಭೆ ಇಟ್ಟಿದ್ದರು. ಅದಕ್ಕೆ ವಾರವಿರುವಾಗ ಮಾಸ್ತರರು ಮೊದಲ ಸಲ ನಮ್ಮ ಮನೆಗೆ ಬಂದರು. ಬಿಸಿಲಲ್ಲಿ ನಡೆದು ಬಂದು ಕಟ್ಟೆಯ ಮೇಲೆ ಕೂತರು. ದನಿ ಆಗಲೇ ಒಡೆದಿತ್ತು. ನಾವು ಅದನ್ನು ನೆಗಡಿ ಅಂದುಕೊಂಡೆವು.

"ದಿನಾ ನಿಮ್ಮ ಮರದ ಸಪ್ಪಳ ಕೇಳ್ತೇನಿ. ಕಚೇರಿಯವರು ಯಾರೂ ಇಲ್ಲ ಅಂತಾರ. ಇದು ಹ್ಯಾಂಗ?" ಅಂದರು.

ಕಾಕಿಗೆ ಅವತ್ತಿನ ಫೋನು ನೆನಪಾಯಿತು. ಹೇಳಿದಳು. ಮಾಸ್ತರರು ನಕ್ಕರು, ನಗುತ್ತಾ ಕೆಮ್ಮಿದರು.

"ನಾಕ್ ಮಂದಿ ಕೂತ್ಕೊಂಡು ಯಾರೂ ಇಲ್ಲ ಅಂದ್ರ್ಯಾ?"

"ಮತ್ತೇನ್ ಹೇಳ್ಬೇಕಾಗಿತ್ರಿ? ಯಾವನೋ ಗಂಡಸು ಫೋನ್ ಮಾಡ್ತಾನ, ಇಷ್ಟ್ ಮಂದಿ ಹೆಂಗಸರು ಅದೀವಿ ಬಾರಪ್ಪ ಅಂತ ಹೇಳ್ಬೇಕೇನು?" ಕಾಕಿ ಕೈ ತಿರುವಿದಳು.

ಮಾಸ್ತರರ ನಗು ಅಲ್ಲಿಗೆ ನಿಂತಿತು. "ನಿಂದೇನ್ ತಪ್ಪಿಲ್ಲ ಕಾಕಿ" ಅಂದರು. "ಇದನ್ನ ಆಯೋಗದ ಮುಂದ ಯಾರರ ಹೇಳ್ಬೇಕು. ನಾ ಹೇಳಂಗಿಲ್ಲ. ನಾ ಹೇಳಿದ್ರ ಮಾಸ್ತರ್ ತನ್ನ ಕೆಲಸ ಉಳಿಸ್ಕೊಳಾಕತ್ಯಾನ ಅಂತಾರ. ಕಲಿಯೋರು ಹೇಳ್ಬೇಕು."

"ನಾ ಹೇಳ್ತೇನ್ರಿ" ಎಂದಳು ಕಾಕಿ.

"ನಿನಗ ಮೈಕ್ ಸೈತ ಬ್ಯಾಡ. ಆದ್ರ ನೀ ಹೆಸರು ಹಚ್ಚಿಲ್ಲಲ್ಲ."

ಲವಂಗ ಬಲದವಡೆಗೆ ಹೊರಳಿತು. ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದರು.

"ನಾ ಒಲ್ಲೆನ್ರಿ" ಎಂದೆ, ಚೌಕಟ್ಟಿಗೆ.

"ಒಲ್ಲೆಂದ್ರ ಬ್ಯಾಡ ತಂಗಿ" ಎಂದು ಎದ್ದರು. ಒತ್ತಾಯ ಮಾಡಲಿಲ್ಲ. ನೀರು ಕುಡಿದು ಬಸ್ಸಿಗೆ ಹೋದರು. ಒತ್ತಾಯ ಮಾಡಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಆ ಸಂಜೆ ತವರಿನಿಂದ ನಿಮ್ಮವ್ವ ಫೋನ್ ಮಾಡಿದಳು. ಅವಳಿಗೂ ಎಲ್ಲ ಗೊತ್ತಾಗಿತ್ತು. "ಅತ್ತೀ, ನೀವರ ಒಂದ್ ಮಾತು ಹೇಳ್ರಿ. ನಾ ಬಾಣಂತಿ, ನಾ ಹೋಗಂಗಿಲ್ಲ. ನೀವೂ ಹೇಳ್ಲಿಲ್ಲಂದ್ರ ನಾ ಎಲ್ಲಿ ಬರೀಲಿ?" ಎಂದಳು. ಅವಳ ಬಾಯಿಂದ ನನಗೆ ಒಂದು ಬೇಡಿಕೆ ಬಂದದ್ದು ಅದೇ ಮೊದಲು. ಹೂಂ ಅಂದೆ.

ಸಭೆಯ ದಿನ ದೊಡ್ಡ ಕೋಣೆ ತುಂಬ ಜನ. ಮುಂದೆ ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷರು, ಅವರ ಎಡಬಲಕ್ಕೆ ಸದಸ್ಯರು, ಒಬ್ಬ ಹೆಣ್ಣುಮಗಳೂ ಇದ್ದರು. ಊರಿನ ಮುಖಂಡರು ಒಬ್ಬರ ಹಿಂದೆ ಒಬ್ಬರು ಎದ್ದು ಶಾಲೆಯ ಕಂಪೌಂಡು, ಸೋರುವ ಮಾಳಿಗೆ, ಶಿಕ್ಷಕರ ಕೊರತೆ ಎಂದು ಮಾತನಾಡಿದರು. ಅವೂ ಬೇಕಾದ ಮಾತುಗಳೇ. ನಾವು ಹೆಂಗಸರು ಕೊನೆಯ ಸಾಲಿನಲ್ಲಿ ಒತ್ತೊತ್ತಾಗಿ ಕೂತಿದ್ದೆವು. ಆಳಂದದಿಂದ, ಜೇವರ್ಗಿಯಿಂದ ಬಂದವರೂ ಇದ್ದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ದನಿ ಕೇಳಿದ ಕೂಡಲೇ ಗುರುತು ಹತ್ತಿತು. "ನೀ ಆ ಕೆಮ್ಮಾಕೇನವಾ?" "ನಿಮ್ಮನ್ಯಾಗಿಂದೇನ ಆ ಕೋಳಿ ಕೂಗೋದು?" ಎಂದು ಪಿಸುಪಿಸು ನಡೆದಿತ್ತು.

ಕೊನೆಗೆ ಅಧ್ಯಕ್ಷರು, "ದೂರಶಿಕ್ಷಣದ ಬಗ್ಗೆ ಯಾರಾದರೂ ಹೇಳುವುದಿದೆಯೇ?" ಎಂದರು.

ಪಕ್ಕದಲ್ಲಿದ್ದ ಅಧಿಕಾರಿ ಬಗ್ಗಿ, "ಇಲ್ಲಿ ಅದಕ್ಕೆ ಬೇಡಿಕೆ ಇಲ್ಲ ಸರ್. ಮನೆಮನೆಗೆ ಫೋನ್ ಮಾಡಿ ವಿಚಾರಿಸಿದ್ದೇವೆ" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

ಮಾಸ್ತರರು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ತಿರುಗಿ ನೋಡಲಿಲ್ಲ. ಕಾಕಿ ನನ್ನ ಬೆನ್ನಿಗೆ ಕೈ ಹಚ್ಚಿ ಎಬ್ಬಿಸಿದಳು. ಯಾರೋ ಮೈಕು ತಂದು ಕೈಗಿತ್ತರು. ಇಷ್ಟು ಗಂಡಸರು, ಇಷ್ಟು ಕಣ್ಣು. ನನಗೆ ತಿಳಿಯುವ ಮೊದಲೇ ಕಾಲು ತಿರುಗಿತ್ತು. ವೇದಿಕೆಗೆ ಬೆನ್ನು ಮಾಡಿ ಹಿಂದಿನ ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಸಭೆಯಲ್ಲಿ ನಗು ಎದ್ದಿತು. "ಅಮ್ಮಾ, ಈ ಕಡೆ ತಿರುಗಿ ಮಾತಾಡಿ" ಎಂದರು ಅಧ್ಯಕ್ಷರು.

ಆಗ ಮಾಸ್ತರರು ಎದ್ದರು. ಇದ್ದಷ್ಟು ದನಿ ಕೂಡಿಸಿ ಹೇಳಿದರು: "ಸಾಹೇಬ್ರ, ಅಕಿ ತಿರುಗಿದ್ರ ಮಾತು ನಿಲ್ತದ್ರಿ. ನಿಮಗ ಮುಖ ಬೇಕೋ ಮಾತು ಬೇಕೋ ಹೇಳ್ರಿ."

ನಗು ನಿಂತಿತು. "ಮಾತೇ ಇರಲಿ" ಎಂದರು ಅಧ್ಯಕ್ಷರು. ವೇದಿಕೆಯ ಮೇಲಿದ್ದ ಆ ಹೆಣ್ಣುಮಗಳು ಕೆಳಗಿಳಿದು, ಇಡೀ ಕೋಣೆ ದಾಟಿ ಬಂದು, ನಮ್ಮ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತರು. ಕಾಕಿ ಸರಿದು ಕೊಟ್ಟಳು. ಈಗ ನನ್ನ ಎದುರಿಗೆ ಗೋಡೆ, ಕೆಳಗೆ ನಮ್ಮವರು, ನಮ್ಮವರ ನಡುವೆ ಆಯೋಗ. ನಾನು ಕೊಡದ ಬಾಯಿ ನೆನೆಸಿಕೊಂಡೆ.

"ನಮ್ಮ ಕಡಿ ಗಂಡಸರು ಮನ್ಯಾಗ ಇಲ್ದಾಗ ಯಾರರ ಕರದ್ರ, ಒಳಗಿಂದ ಯಾರೂ ಇಲ್ರಿ ಅಂತೀವ್ರಿ" ಎಂದೆ. "ಮನಿ ತುಂಬ ಹೆಂಗಸರಿದ್ರೂ ಹಂಗ ಅಂತೀವಿ. ಕಚೇರಿಯವರು ಫೋನ್ ಮಾಡಿದಾಗೂ ಹಂಗ ಅಂದೀವಿ. ಅವರು ಅದನ್ನ ಖರೇ ಅಂತ ಬರಕೊಂಡಾರ. ಖರೇ ಅಲ್ರಿ ಅದು. ನಾವ್ ಅದೀವ್ರಿ. ತೊಗರಿ ಕೇರ್ಕೋತ ಕೇಳ್ತೀವಿ. ನನ್ನ ಸೊಸಿ ಬಾಣಂತಿ, ದಿಂಬಿನ ಬುಡಕ ಫೋನ್ ಇಟ್ಕೊಂಡು ಕೇಳಾಕತ್ತಾಳ. ಕಲಬುರ್ಗಿಗಿ ಒಯ್ದ್ರ ಅಕಿ ಬರಂಗಿಲ್ಲ, ನಾನೂ ಬರಂಗಿಲ್ಲ. ಆಗ ಖರೇನ ಯಾರೂ ಇರಂಗಿಲ್ರಿ. ಪರೀಕ್ಷಾ ಇಲ್ಲೇ ಇಡ್ರಿ."

ಅಷ್ಟೇ. ನಮ್ಮ ನಡುವೆ ಕೂತ ಹೆಣ್ಣುಮಗಳು ಮೆಲ್ಲಗೆ, "ಇಲ್ಲಿ ಕೇಳುವವರು ಯಾರು ಯಾರು ಇದ್ದೀರಿ?" ಎಂದರು.

"ನಾ ಅದೀನ್ರಿ" ಎಂದು ಒಬ್ಬಳು ಎದ್ದಳು. ಇನ್ನೊಬ್ಬಳು ಎದ್ದಳು. ಸಾಲು ಸಾಲೇ ಎದ್ದು ನಿಂತಿತು. ಕೊನೆಗೆ ಕಾಕಿ, "ನಾನೂ ಅದೀನ್ರಿ. ಹೆಸರು ಹಚ್ಚಿಲ್ಲ, ಆದ್ರೂ ಅದೀನಿ" ಎಂದಳು. ಅಧ್ಯಕ್ಷರೂ ನಕ್ಕರು.

ಹೊರಗೆ ಬಂದಾಗ ಮಾಸ್ತರರು ನನ್ನನ್ನು ಹೊಗಳುತ್ತಾರೇನೋ ಎಂದು ಹೆದರಿದ್ದೆ. ಅವರು, "ಬಸ್ಸಿನ ಹೊತ್ತಾತು, ನಡೀರಿ ನಡೀರಿ" ಎಂದಷ್ಟೇ ಅಂದು, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬಿಸಿಲೂ ಇತ್ತು.

ಆಯೋಗದ ವರದಿ ಬಹಳ ದಪ್ಪವಂತೆ, ನಾನು ನೋಡಿಲ್ಲ. ನಮಗೆ ಬಂದದ್ದು ಅದರ ಮೇಲೆ ಆದ ಆದೇಶ. ಮೂರೂ ತಾಲ್ಲೂಕಿನ ಕೇಂದ್ರಗಳು ಇದ್ದಲ್ಲೇ ಇರುತ್ತವೆ, ಪರೀಕ್ಷೆ ಆಯಾ ತಾಲ್ಲೂಕಿನಲ್ಲೇ ನಡೆಯುತ್ತದೆ, ಮನೆಗಳಿಗೆ ಫೋನ್ ಮಾಡಿ ವಿಚಾರಿಸುವ ಕೆಲಸವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು. ಕೊನೆಯ ಮಾತನ್ನು ಓದುವಾಗ ಮಾಸ್ತರರು ಫೋನಿನಲ್ಲೇ ನಕ್ಕರು. ನಕ್ಕದ್ದು ಬರೀ ಗಾಳಿಯಾಗಿ ಕೇಳಿತು. ಗಂಟಲಿನದು ನೆಗಡಿಯಲ್ಲ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಮಾತನಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಂತೆ. ಆದರೂ ಪಠ್ಯ ಮುಗಿಯುವ ತನಕ ಪಾಠ ನಿಲ್ಲಿಸಲಿಲ್ಲ. ಮರಗಳನ್ನು ನಾವೇ ಕೆಳಗಿಟ್ಟು ಕೂಡತೊಡಗಿದೆವು, ಅವರ ದನಿ ಅಷ್ಟು ಸಣ್ಣದಾಗಿತ್ತು.

ಪರೀಕ್ಷೆಯ ಮೊದಲ ದಿನ ಅಫಜಲಪುರದ ಶಾಲೆಯ ಗೇಟಿಗೆ ಬಂದು ನಿಂತಿದ್ದರು. ಕೊರಳಿಗೆ ಮಫ್ಲರು, ಅಂಗಿಯೊಳಗೆ ಮೈ ಅರ್ಧವಾಗಿತ್ತು. ನಾವು ಕಾಲು ಮುಟ್ಟಿದೆವು. ನಿಮ್ಮವ್ವ ನಿನ್ನನ್ನು, ಚಿಕ್ಕವನೇ, ಅವರ ಮುಂದೆ ಹಿಡಿದಳು. ನಿನ್ನ ಗಲ್ಲ ಮುಟ್ಟಿ ನೋಡಿದರು. ದನಿ ಪೂರಾ ಹೋಗಿತ್ತು. ನಮ್ಮೆಲ್ಲರನ್ನೂ ಒಮ್ಮೆ ನೋಡಿ ಲವಂಗವನ್ನು ಎಡದಿಂದ ಬಲಕ್ಕೆ ತಳ್ಳಿದರು. ನಾವು ನಗುತ್ತಲೇ ಒಳಗೆ ಹೋದೆವು.

ಫಲಿತಾಂಶ ಬರುವ ಮೊದಲೇ ಅವರು ಹೋದರು. ಮಣ್ಣಿಗೆ ಹೋಗುವುದು ನಮಗೆ ಆಗಲಿಲ್ಲ. ಆಮೇಲೆ ಒಂದು ದಿನ ರೊಟ್ಟಿ, ಜುಣಕ ಕಟ್ಟಿಕೊಂಡು ಪರೀಕ್ಷೆ ಬರೆದ ನಾವು ನಾಲ್ವರು, ಜೊತೆಗೆ ಕಾಕಿ, ಆಳಂದಕ್ಕೆ ಅವರ ಮನೆಯವರನ್ನು ಮಾತನಾಡಿಸಲು ಹೋದೆವು. ಮಾಸ್ತರರ ಹೆಂಡತಿ ನಮ್ಮನ್ನು ಎಂದೂ ನೋಡಿದವರಲ್ಲ.

"ನೀವೇನ್ರವಾ, ಆ ಮರ ಕೇರೋರು?" ಎಂದು ಕೇಳಿದರು. ಪಾಠದ ಹೊತ್ತಿಗೆ ಪಕ್ಕದಲ್ಲಿ ಕೂತು ದಿನವೂ ನಮ್ಮನ್ನು ಕೇಳಿಸಿಕೊಳ್ಳುತ್ತಿದ್ದರಂತೆ. "ಪಾಠಕ್ಕ ಮೊದಲ ಧೋತರ ಉಟ್ಟು, ಇಸ್ತ್ರಿ ಅಂಗಿ ತೊಟ್ಟು, ಗುಂಡಿ ಹಾಕ್ಕೊಂಡು ನಿಂದರ್ತಿದ್ರು. ಫೋನಿನಾಗ ಯಾರು ನೋಡ್ತಾರ್ರೀ, ಕೂತು ಹೇಳಬಾರ್ದೇನು ಅಂತಿದ್ದೆ. ಅಷ್ಟ್ ಮಂದಿ ಹೆಣ್ಣಮಕ್ಕಳು ಕೂತಿರ್ತಾರ, ನಾ ಹ್ಯಾಂಗ ಕೂಡ್ಲಿ ಅಂತಿದ್ರು. ಕಡೀ ದಿನದ ಪಾಠಾನೂ ನಿಂತೇ ಹೇಳಿದ್ರು, ಗ್ವಾಡಿಗಿ ಆನಕೊಂಡು."

ಕಾಕಿ ರೊಟ್ಟಿಯ ಗಂಟು ಬಿಚ್ಚಿ ಅವರ ಮುಂದಿಟ್ಟಳು.

"ಪರೀಕ್ಷಾದು ಏನಾತು?" ಎಂದು ಅವರೇ ಕೇಳಿದರು.

ಫಲಿತಾಂಶ ಹಿಂದಿನ ದಿನವಷ್ಟೇ ಬಂದಿತ್ತು. ನಿಮ್ಮವ್ವ ಪಾಸಾಗಿದ್ದಳು. ಉಳಿದ ಇಬ್ಬರಲ್ಲಿ ಒಬ್ಬಳು ಪಾಸು. ನಾನು ಗಣಿತದಲ್ಲಿ ಉಳಿದಿದ್ದೆ. ಅದನ್ನು ಆ ಮನೆಯಲ್ಲಿ ನಿಂತು ಹೇಳುವುದು ನನಗೆ ಬಹಳ ಕಷ್ಟವಾಯಿತು. ಆದರೂ ಅವರ ಮುಖ ನೋಡಿಯೇ ಹೇಳಿದೆ.

"ಮತ್ತ ಬರೀತಿಲ್ಲ?" ಎಂದರು.

"ಅಫಜಲಪುರದಾಗೇ ಅದಲ್ರಿ, ಬರೀತೇನ್ರಿ" ಎಂದೆ.

ನಿಮ್ಮವ್ವ ಈಗ ಪಿಯುಸಿ ಪಾಠಕ್ಕೆ ಹೋಗುತ್ತಾಳೆ, ಅದೂ ಅದೇ ಕೇಂದ್ರದಲ್ಲಿ. ನನ್ನ ಗಣಿತದ ಪರೀಕ್ಷೆ ಬರುವ ವಾರ ಇದೆ. ಆ ದಿನ ಅವಳಿಗೆ ಬಿಡುವಿಲ್ಲ, ನಿಮ್ಮಪ್ಪನದು ಹಗಲು ಪಾಳಿ. ಜೊತೆಗೆ ಬರುತ್ತೇನೆಂದು ಕಾಕಿ ಅಂದಳು. ಬ್ಯಾಡ ಅಂದಿದ್ದೇನೆ. ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹೋಗುತ್ತೇನೆ.